ಪ್ರಾಗ್‌ಗೆ ಹೋಗುವವರಿಗೆ ನಾನು ಕೊಟ್ಟ ಸಲಹೆ

ಪ್ರಾಗ್ ನಗರವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಆದರೂ ಒಂದು ಕಾಲದಲ್ಲಿ, ಅಲ್ಲಿಗೆ ಹೋಗುವ ಯಹೂದಿ ಪ್ರವಾಸಿಗರು ಎಲ್ಲಿ ಊಟ ಮಾಡಬೇಕು, ಹೋಟೆಲಿನ ಯಾವ ಮಹಡಿಯಲ್ಲಿ ಕೋಣೆ ಹಿಡಿಯಬೇಕು, ಶನಿವಾರವನ್ನು ಹೇಗೆ ಕಳೆಯಬೇಕು ಎಂದೆಲ್ಲ ಠೀವಿಯಿಂದ ಸಲಹೆ ಬರೆಯುವುದು ನನ್ನ ಕೆಲಸವಾಗಿತ್ತು. ನಾನು ಮೈಸೂರಿನ ಮುಸ್ಲಿಂ ಮನೆತನದವಳು. ಅಲ್ಲಿಯವರೆಗೆ ಒಬ್ಬ ಯಹೂದಿಯನ್ನೂ ಹತ್ತಿರದಿಂದ ಮಾತಾಡಿಸಿದವಳಲ್ಲ. ಆದರೆ ಅದು ಡಾಟ್ ಕಾಮ್‌ಗಳ ಕಾಲ. ಯಾರಿಗೆ ಏನು ಗೊತ್ತು ಎಂದು ವಿಚಾರಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ನಮ್ಮದು ಪ್ರವಾಸದ ವೆಬ್‌ಸೈಟು. ಅಮೆರಿಕದ ಲಾಸ್ ಗ್ಯಾಟೋಸ್ ಊರಿನಲ್ಲಿ ಹಿಂದೆ ಸೋಫಾ ಮಾರುತ್ತಿದ್ದ ಅಂಗಡಿಯೇ ಆಫೀಸು. ಬಾಸ್ ನನಗಿಂತ ಚಿಕ್ಕವನಾದ ಅಮೆರಿಕನ್ ಹುಡುಗ. ಒಂದೊಂದು ಊರಿಗೂ ಒಂದೊಂದು ಬಗೆಯ ಪ್ರವಾಸಿಗೆ ಬೇರೆ ಬೇರೆ ಸಲಹೆಯ ಪುಟ ಇರಬೇಕು ಎಂಬುದು ಅವನ ಕನಸು. ಸಸ್ಯಾಹಾರಿಗಳ ಪ್ಯಾರಿಸ್ ಪುಟವನ್ನು ನನ್ನಿಂದಲೇ ಬರೆಸಿದ್ದ. ಭಾನುವಾರ ಮಟನ್ ಇಲ್ಲದಿದ್ದರೆ ನನಗೆ ಹಬ್ಬ ತಪ್ಪಿದಷ್ಟು ಬೇಜಾರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಆ ಪುಟ ಚೆನ್ನಾಗಿ ಓಡಿತು. ಒಂದು ಬೆಳಗ್ಗೆ ನನ್ನ ಕ್ಯೂಬಿಕಲ್‌ಗೆ ಬಂದು, "ಪ್ರಾಗ್, ಯಹೂದಿ ಪ್ರವಾಸಿಗರು, ನಿಮ್ಮ ಮುಂದಿನ ಪುಟ. ನಿಮಗೆ ಹಲಾಲ್ ಗೊತ್ತಲ್ಲ, ಯಹೂದಿಗಳ ಕೋಷರ್ ಊಟ ಅದರ ಅಣ್ಣ ಇದ್ದ ಹಾಗೆ" ಎಂದು ಹೇಳಿ ಹೊರಟೇ ಹೋದ.

ಪುಟದಲ್ಲಿ ಭರ್ತಿ ಮಾಡಬೇಕಾದ ಪೆಟ್ಟಿಗೆಗಳು ಮೊದಲೇ ಗೊತ್ತಾಗಿದ್ದವು: ಊಟ, ವಸತಿ, ಪ್ರಾರ್ಥನೆ, ನೋಡುವ ಜಾಗ, ಎಚ್ಚರಿಕೆ. ಲೈಬ್ರರಿಯಿಂದ ಪುಸ್ತಕಗಳನ್ನು ತಂದೆ. ಪ್ರಾಗ್‌ನಲ್ಲಿ ಗೈಡ್ ಆಗಿದ್ದ ಒಬ್ಬ ಹೆಂಗಸನ್ನು ಇಮೇಲಿನಲ್ಲಿ ಹಿಡಿದೆವು. ಆಕೆ ಕೇಳಿದ್ದಕ್ಕೆಲ್ಲ ಚುಟುಕಾಗಿ ಉತ್ತರ ಬರೆದು, ಫೋಟೋಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದಳು. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಆಚಾರವಂತ ಯಹೂದಿಗಳು ಗಾಡಿ ಹತ್ತುವುದಿಲ್ಲ, ದುಡ್ಡು ಮುಟ್ಟುವುದಿಲ್ಲ, ಲಿಫ್ಟಿನ ಗುಂಡಿ ಕೂಡ ಒತ್ತುವುದಿಲ್ಲ. ಹಾಗಾಗಿ ಪ್ರಾರ್ಥನಾ ಮಂದಿರಕ್ಕೆ ನಡೆದು ಹೋಗುವಷ್ಟು ಹತ್ತಿರದ ಹೋಟೆಲು, ಅದರ ಕೆಳ ಮಹಡಿಯಲ್ಲಿ ಕೋಣೆ, ಬಾಗಿಲಿಗೆ ಎಲೆಕ್ಟ್ರಾನಿಕ್ ಕಾರ್ಡಿನ ಬದಲು ಕಬ್ಬಿಣದ ಬೀಗದ ಕೈ ಹುಡುಕಬೇಕಿತ್ತು. ಸಾಫ್ಟ್‌ವೇರ್ ಬರೆಯುತ್ತಿದ್ದವನು ಮಂಡ್ಯ ಕಡೆಯ ಎಂಜಿನಿಯರು. ಇಡೀ ಆಫೀಸಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ.

"ಏನಕ್ಕಾ ಇದು, ನನ್ನ ಪ್ರೋಗ್ರಾಮಲ್ಲಿ ಶನಿವಾರ ಶುರುವಾಗೋದು ಮಧ್ಯರಾತ್ರಿಗೆ. ಇವರದ್ದು ಶುಕ್ರವಾರ ಸಂಜೆಗೇ ಶುರುವಾದ್ರೆ ಹೆಂಗೆ?" ಎಂದ.

"ನಮ್ಮಲ್ಲೂ ಹಾಗೇ ಕಣಪ್ಪ. ಹೊತ್ತು ಮುಳುಗಿದರೆ ಮಾರನೇ ದಿನ ಬಂದ ಹಾಗೆ" ಎಂದೆ.

ಹಾಗೆ ಹೇಳಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ಹಂದಿ ಇಲ್ಲ, ದಿನ ಸಂಜೆಯಿಂದ ಶುರು, ಪ್ರಾರ್ಥನೆಗೆ ದಿಕ್ಕುಂಟು. ಇದೆಲ್ಲ ನಮ್ಮ ಮನೆಯ ಕಥೆಯೇ ಅಲ್ಲವೇ ಎಂದುಕೊಂಡೆ. ಎಲ್ಲ ಎಡವಟ್ಟೂ ಆ ಧೈರ್ಯದಿಂದಲೇ ಆದದ್ದು.

ಪುಟದ ಕರಡನ್ನು ತಿಳಿದವರೊಬ್ಬರು ಓದಬೇಕಿತ್ತು. ಬಾಸ್ ಯಾರ ಮೂಲಕವೋ ಪಕ್ಕದ ಊರಾದ ಸರಟೋಗಾದಲ್ಲಿದ್ದ ಒಬ್ಬ ಹಿರಿಯರನ್ನು ಹುಡುಕಿದ. ನಿವೃತ್ತ ಎಲೆಕ್ಟ್ರಾನಿಕ್ಸ್ ಎಂಜಿನಿಯರು, ಹುಟ್ಟಿದ್ದು ಪ್ರಾಗ್‌ನಲ್ಲೇ. ಎರಡನೇ ಮಹಾಯುದ್ಧಕ್ಕೆ ಮೊದಲು ಯಹೂದಿ ಮಕ್ಕಳನ್ನು ಉಳಿಸಲು ದೇಶದಾಚೆ ಕಳಿಸಿದ ರೈಲಿನಲ್ಲಿ ಹೊರಟವರು, ಮತ್ತೆ ಹಿಂದಿರುಗಿ ನೋಡಿರಲಿಲ್ಲ. ಈಗ ಬೇಸಿಗೆಯಲ್ಲಿ ಹೆಂಡತಿಯ ಜೊತೆ ಹೊರಟಿದ್ದರು. ಅವರು ನಮ್ಮ ಕರಡು ಓದಿ ತಿದ್ದುವುದು, ನಾವು ಅವರ ಪ್ರಯಾಣದ ಏರ್ಪಾಟು ಮಾಡಿಕೊಡುವುದು ಎಂದು ಒಪ್ಪಂದವಾಯಿತು. ನಮ್ಮ ವೆಬ್‌ಸೈಟಿನ ಮೊದಲ ಪ್ರಯಾಣಿಕರೆಂದು ಅವರಿಬ್ಬರ ಫೋಟೋವನ್ನು ಮುಖಪುಟದಲ್ಲಿ ಹಾಕಲು ಬಾಸ್ ತುದಿಗಾಲಲ್ಲಿ ನಿಂತಿದ್ದ.

ಕರಡು ಹಿಡಿದುಕೊಂಡು ಅವರ ಮನೆಗೆ ಹೋದೆ. ಗುಡ್ಡದ ಮೇಲಿನ ಮನೆ, ಕಿಟಕಿಯ ಹತ್ತಿರ ಹಕ್ಕಿ ನೋಡುವ ದುರ್ಬೀನು. ಅವರ ಹೆಂಡತಿ ಗಾಜಿನ ಲೋಟದಲ್ಲಿ ಚಹಾ ಕೊಟ್ಟು ಕೇಕಿನ ತಟ್ಟೆ ಮುಂದಿಟ್ಟರು. ಅದರಲ್ಲಿ ಏನು ಹಾಕಿರುತ್ತಾರೋ ಎಂದು ನಾನು ಅನುಮಾನಿಸಿದೆ. ನಾನು ಅನುಮಾನಿಸುವುದನ್ನು ಕಂಡು ಆಕೆ ನಕ್ಕು, "ನಿಮಗಿಂತ ಹೆಚ್ಚು ಅನುಮಾನದ ಮನೆಯಿದು, ಧೈರ್ಯವಾಗಿ ತಿನ್ನಿ" ಎಂದರು. ಆ ದಂಪತಿ ಮಾತಾಡಿದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಕನ್ನಡದಲ್ಲಿ, ಅದಕ್ಕೇ ಕನ್ನಡದಲ್ಲೇ ಹೇಳುತ್ತಿದ್ದೇನೆ.

ಹಿರಿಯರು ಊಟದ ಪೆಟ್ಟಿಗೆಯನ್ನು ಓದಿ ತಲೆಯಾಡಿಸಿದರು. ವಸತಿಯ ಪೆಟ್ಟಿಗೆಯಲ್ಲಿ ಬೀಗದ ಕೈಯ ವಿಷಯ ಓದಿ, "ಭೇಷ್" ಎಂದರು. ನೋಡುವ ಜಾಗಗಳ ಪೆಟ್ಟಿಗೆಯಲ್ಲಿ ಊರಾಚೆಯ ದೊಡ್ಡ ಯಹೂದಿ ಸ್ಮಶಾನದ ಸಾಲು ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ಬರೆದದ್ದು ಹೀಗಿತ್ತು: "ಗಂಡಸರು ತಲೆ ಮುಚ್ಚಿಕೊಂಡು ಒಳಗೆ ಹೋಗಬಹುದು. ಜೊತೆಗೆ ಬಂದ ಹೆಂಗಸರು ಕಾಯಲು ಗೇಟಿನ ಬಳಿ ಬೆಂಚು ಇದೆ."

"ಹೆಂಗಸರು ಯಾಕೆ ಕಾಯಬೇಕು?" ಎಂದು ಕೇಳಿದರು.

"ಒಳಗೆ ಹೋಗಬಾರದಲ್ಲ, ಅದಕ್ಕೆ" ಎಂದೆ.

"ಯಾರು ಹೇಳಿದರು?"

ಯಾರು ಹೇಳಿದ್ದರು? ಗೈಡ್ ಬರೆದಿದ್ದು ಬೆಂಚಿನ ವಿಷಯ ಮಾತ್ರ. ಪುಸ್ತಕಗಳಲ್ಲಿ ಆ ಮಾತೇ ಇರಲಿಲ್ಲ. ಹೆಂಗಸರನ್ನು ಆ ಬೆಂಚಿನ ಮೇಲೆ ಕೂರಿಸಿದವಳು ನಾನೇ. ಬೇರೆ ಮನೆಗಳಲ್ಲಿ ಬೇರೆ ರೂಢಿ ಇರಬಹುದು, ನಮ್ಮ ಮನೆಯಲ್ಲಿ ಹೆಂಗಸರು ಖಬರಸ್ತಾನದ ಒಳಗೆ ಹೋಗುವುದಿಲ್ಲ. ಅಬ್ಬ ತೀರಿಕೊಂಡಾಗ ಅಣ್ಣಂದಿರು ಹೆಗಲು ಕೊಟ್ಟು ಹೋದರು, ನಾನೂ ಅಮ್ಮನೂ ಮನೆಯಲ್ಲೇ ಉಳಿದೆವು. ಆಮೇಲೆ ಊರಿಗೆ ಹೋದಾಗಲೆಲ್ಲ ಗೋಡೆಯ ಹೊರಗೆ ಆಟೋ ನಿಲ್ಲಿಸಿ ಫಾತಿಹಾ ಓದಿ ಬರುತ್ತೇನೆ. ಗೋರಿ ಒಳಗೆ ಎಲ್ಲೋ ಇದೆ. ಎಲ್ಲಿ ಎಂದು ನನಗೆ ಗೊತ್ತಿಲ್ಲ. ಸ್ಮಶಾನ ಎಂದರೆ ಹೀಗೆ ಎಂಬುದು ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಅದನ್ನು ಯಾರನ್ನಾದರೂ ಕೇಳಿ ನೋಡಬೇಕು ಎಂದೇ ಹೊಳೆದಿರಲಿಲ್ಲ.

ನಾನು ಇದನ್ನು ತೊದಲುತ್ತ ಹೇಳಿದೆ. ಹಿರಿಯರ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮಲ್ಲಿ ತಿರುಗಾಮುರುಗಾ ಕಣಮ್ಮ. ನಾನು ಆರಾಮಾಗಿ ಒಳಗೆ ಹೋಗ್ತೀನಿ. ಬೆಂಚಿನ ಮೇಲೆ ಕೂರಬೇಕಾದವರು ಇವರು" ಎಂದು ಗಂಡನ ಕಡೆ ತೋರಿಸಿದರು.

ಎಲ್ಲ ಯಹೂದಿ ಗಂಡಸರಿಗೂ ಆ ನಿಷೇಧವಿಲ್ಲ. ಹಿರಿಯರು ಕೋಹೆನ್, ಅಂದರೆ ಹಳೆಯ ಪುರೋಹಿತರ ವಂಶದವರು. ಆ ವಂಶದ ಗಂಡಸರು ಸಾವಿನ ಮೈಲಿಗೆಯಿಂದ ದೂರ ಇರಬೇಕು, ಸ್ಮಶಾನಕ್ಕೆ ಕಾಲಿಡಬಾರದು. ಹೆಣ್ಣುಮಕ್ಕಳಿಗೆ ಅದು ಅನ್ವಯಿಸುವುದಿಲ್ಲ. ಆ ಗಂಡಸರು ಹೆತ್ತವರಂಥ ತೀರ ಹತ್ತಿರದವರು ಸತ್ತರೆ ಮಾತ್ರ ಮಣ್ಣಿಗೆ ಹೋಗಬಹುದು, ಅದೂ ಮಣ್ಣು ಮುಚ್ಚುವವರೆಗೆ.

"ನನ್ನ ತಾಯಿ ಇರೋದು ಅಲ್ಲೇ" ಎಂದರು ಹಿರಿಯರು. "ಮಣ್ಣು ಮಾಡಿದ ದಿನ ಅಪ್ಪನ ಕೈ ಹಿಡಿದು ಒಳಗೆ ಹೋಗಿದ್ದೆ. ಆವತ್ತು ಹೋಗಬಹುದಿತ್ತು, ಮರುದಿನದಿಂದ ಇಲ್ಲ. ಕಲ್ಲು ನೆಡೋದು ಆಮೇಲೆ, ನೆಟ್ಟರೋ ಇಲ್ಲವೋ ಗೊತ್ತಿಲ್ಲ. ಅಪ್ಪ ಒಬ್ಬ ಕಲ್ಲುಕುಟಿಗನ ಹತ್ತಿರ ಮಾತಾಡ್ತಾ ಇದ್ದದ್ದು ನೆನಪಿದೆ. ಅಷ್ಟರಲ್ಲಿ ನನ್ನನ್ನು ರೈಲು ಹತ್ತಿಸಿದರು. ಅಪ್ಪನಿಗೆ ಗೋರಿಯೇ ಇಲ್ಲ. ಅಮ್ಮನದ್ದನ್ನಾದರೂ ಒಂದು ಸಲ ಕಣ್ಣಾರೆ ನೋಡಬೇಕು. ಒಳಗೆ ಹೋಗದೆ ನೋಡಬೇಕು. ನಿಮ್ಮ ಕಂಪ್ಯೂಟರಲ್ಲಿ ಇದಕ್ಕೆ ದಾರಿ ಇದೆಯಾ?"

ಇದೆ ಎಂದೆ. ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅಷ್ಟು ವಯಸ್ಸಾದ ಮನುಷ್ಯ, ಯಾರೂ ತಡೆಯದ ಗೇಟಿನ ಹೊರಗೆ ತಾನೇ ನಿಲ್ಲುತ್ತೇನೆ ಎನ್ನುವುದು ನನಗೆ ಅರ್ಥವಾಗಲಿಲ್ಲ. ಗೋಡೆಯ ಹೊರಗೆ ನಿಂತು ಬಂದವಳು ನಾನೇ ಆಗಿದ್ದೂ ಅರ್ಥವಾಗಲಿಲ್ಲ ಎಂಬುದು ಇನ್ನೂ ಗೋಜಲು.

ಗೈಡ್‌ಗೆ ಬರೆದೆ. ಆಕೆ ಸ್ಮಶಾನದ ಕಚೇರಿಯಲ್ಲಿ ಕೇಳಿ ಗೋರಿಯನ್ನು ಪತ್ತೆ ಮಾಡಿದಳು. ಕಲ್ಲು ಇತ್ತು! ಕೋಹೆನ್ ಮನೆತನದವರನ್ನು ಬಂಧುಗಳು ಹೊರಗಿನಿಂದ ಕಾಣಲೆಂದು ಎಷ್ಟೋ ಕಡೆ ಅಂಚಿನಲ್ಲೇ ಹೂಳುತ್ತಾರಂತೆ. ಇವರ ತಾಯಿಯೂ ಗೋಡೆಗೆ ಹತ್ತಿರದ ಸಾಲಿನಲ್ಲಿದ್ದರು. ಎರಡು ಫೋಟೋ ಬಂದವು. ಒಂದು ಒಳಗಿನಿಂದ, ಅಕ್ಷರಗಳು ಕಾಣುವಂತೆ ಹತ್ತಿರದಿಂದ ತೆಗೆದದ್ದು. ಇನ್ನೊಂದು ಹೊರಗಿನ ಫುಟ್‌ಪಾತಿನಿಂದ, ಗೋಡೆಯಲ್ಲಿದ್ದ ಕಬ್ಬಿಣದ ಸರಳುಗಳ ಕಿಂಡಿಯ ಮೂಲಕ ತೆಗೆದದ್ದು. ಅದರಲ್ಲಿ ಬಳ್ಳಿ ಮುಚ್ಚಿದ ಕಲ್ಲು ಅಷ್ಟು ದೂರದಲ್ಲಿ ನಿಂತಿತ್ತು. ಕೆಲಸ ಮುಗಿಯಿತು ಎಂದು ಕುಣಿದಾಡಿದೆ. ಬಾಸ್‌ಗೆ ಹೇಳಿದೆ, ಅವನೂ ಕುಣಿದ.

ಸರಟೋಗಾಗೆ ಓಡಿದೆ. ಹತ್ತಿರದ ಫೋಟೋವನ್ನು ಹಿರಿಯರು ಮುಟ್ಟಲೇ ಇಲ್ಲ. "ಅದನ್ನು ನನಗೂ ತೋರಿಸಬೇಡಿ, ಇವಳಿಗೂ ತೋರಿಸಬೇಡಿ. ಅದನ್ನು ಅಲ್ಲೇ ನೋಡ್ತೀನಿ" ಎಂದರು. ನನಗೆ ಆ ಹೀಬ್ರೂ ಲಿಪಿ ಬಾರದು, ಕಲ್ಲಿನ ಮೇಲೆ ಏನಿದೆ ಎಂದು ನನಗೂ ತಿಳಿದಿರಲಿಲ್ಲ. ಫುಟ್‌ಪಾತಿನ ಫೋಟೋವನ್ನು ಭೂತಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಅವರ ಬೆರಳು ಕಲ್ಲಿನ ಮೇಲೆ ನಿಲ್ಲದೆ ಫೋಟೋದ ಮೇಲಂಚಿಗೆ ಹೋಯಿತು.

"ಇದೇನು?"

"ಮರ. ಚೆಸ್ಟ್‌ನಟ್ ಮರದ ಕೊಂಬೆ" ಎಂದೆ.

"ಈ ಕೊಂಬೆ ಗೋರಿಗಳ ಮೇಲೂ ಇದೆ, ಫುಟ್‌ಪಾತಿನ ಮೇಲೂ ಇದೆ. ಹಾಗಾದರೆ ನಾನು ಅಲ್ಲಿ ನಿಲ್ಲೋ ಹಾಗಿಲ್ಲ" ಎಂದು ಫೋಟೋವನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

ಆಫೀಸಿಗೆ ವಾಪಸು ಬಂದು ಮಂಡ್ಯದವನ ಮುಂದೆ ಕೂತು ಗೋಳು ತೋಡಿಕೊಂಡೆ. ಕೊಂಬೆ ಚಾವಣಿ ಇದ್ದ ಹಾಗಂತೆ, ಗೋರಿಯೂ ಮನುಷ್ಯನೂ ಒಂದೇ ಚಾವಣಿಯ ಕೆಳಗೆ ಇದ್ದರೆ ಮೈಲಿಗೆ ದಾಟಿ ಬರುತ್ತದಂತೆ, ಎಲೆ ಹೇಗಪ್ಪಾ ಚಾವಣಿಯಾಗುತ್ತದೆ ಎಂದೆ.

ಅವನಿಗೆ ಒಂಚೂರೂ ಆಶ್ಚರ್ಯವಾಗಲಿಲ್ಲ. "ಯಾಕಾಗಬಾರದು ಕಣಕ್ಕ? ನಮ್ಮೂರಲ್ಲಿ ಬೀದೀಲಿ ಹೆಣ ಇದ್ರೆ ಗುಡಿ ಬಾಗ್ಲು ತೆಗಿಯಾಕಿಲ್ಲ. ಹೆಣ ಆ ತುದೀಲಿರ್ತದೆ, ಗುಡಿ ಈ ತುದೀಲಿರ್ತದೆ. ಪೂಜಾರಪ್ಪ ಅಂದಮ್ಯಾಕೆ ಅಷ್ಟು ಇರ್ತದೆ ಬುಡು" ಎಂದ. ಆಮೇಲೆ, "ರಸ್ತೆಯಾಚೆ ಕಡೆಯಿಂದ ನೋಡಿದ್ರೆ? ಅಲ್ಲೀತನಕ ಕೊಂಬೆ ಬರಾಕಿಲ್ಲ ತಾನೆ?" ಎಂದು ಕೇಳಿದ.

ನನಗೆ ಇದು ಹೊಳೆದೇ ಇರಲಿಲ್ಲ. ಗೈಡ್ ರಸ್ತೆಯ ಅಗಲ, ಗೋಡೆಯ ಎತ್ತರ, ಗೋಡೆಯಿಂದ ಕಲ್ಲಿಗೆ ಇರುವ ದೂರ ಎಲ್ಲವನ್ನೂ ಅಳೆದು ಕಳಿಸಿದಳು. ಮಂಡ್ಯದವನು ಬಿಳಿ ಬೋರ್ಡಿನ ಮೇಲೆ ಗೋಡೆ ಬರೆದು, ಕಲ್ಲು ಬರೆದು, ಒಂದು ಓರೆ ಗೆರೆ ಎಳೆದ. ನೆಲದಲ್ಲಿ ನಿಂತರೆ ಗೋಡೆ ಅಡ್ಡ. ಮೊದಲನೇ ಮಹಡಿಯಿಂದ ಕಲ್ಲಿನ ನೆತ್ತಿ ಮಾತ್ರ. ಎರಡನೇ ಮಹಡಿಯಿಂದ ಇಡೀ ಕಲ್ಲು ಕಾಣಬೇಕು. ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿ ಏನಿದೆ ಎಂದು ಗೈಡನ್ನು ಕೇಳಿದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕು ಎಂದು ಉತ್ತರ ಬಂತು. ಗೈಡ್ ಹೋಗಿ ಡಾಕ್ಟರನ್ನು ಮಾತಾಡಿಸಿದಳು. ವಾರದ ದಿನ, ರೋಗಿಗಳು ಇಲ್ಲದ ಹೊತ್ತಿಗೆ ಬಂದರೆ ಕಿಟಕಿ ಬಿಟ್ಟುಕೊಡುತ್ತೇನೆ ಎಂದು ಅವರು ಒಪ್ಪಿದರು.

ಆ ಕಿಟಕಿಯಿಂದ ಗೈಡ್ ತೆಗೆದ ಫೋಟೋ ಬಂತು. ಬರೀ ಹಸಿರು! ಅದೇ ಚೆಸ್ಟ್‌ನಟ್ ಮರ ಚಿಗುರಿ, ದಟ್ಟವಾಗಿ ಎಲೆ ಬಿಟ್ಟು ಗೋಡೆಯಾಚೆಯ ಎಲ್ಲವನ್ನೂ ಮುಚ್ಚಿಕೊಂಡಿತ್ತು. ಗೈಡ್ ಕೆಳಗೆ ಬರೆದಿದ್ದಳು: "ನವೆಂಬರಿನಲ್ಲಿ ಎಲೆ ಇರುವುದಿಲ್ಲ."

ಹಿರಿಯರ ಟಿಕೆಟು ಇದ್ದದ್ದು ಜೂನ್‌ಗೆ. ವಿಷಯ ಕೇಳಿದ ಬಾಸ್‌ನ ಮುಖ ಕೆಂಪಾಯಿತು. "ಜೂನ್‌ನಲ್ಲೇ ಹೋಗಲಿ. ಹತ್ತಿರದ ಫೋಟೋ ಇದೆಯಲ್ಲ, ಅದನ್ನೇ ಚೌಕಟ್ಟು ಹಾಕಿಸಿ ಕೊಡೋಣ. ನವೆಂಬರಿಗೆ ನಾವೇ ಇರ್ತೀವೋ ಇಲ್ಲವೋ" ಎಂದ. ಆಗಲೇ ಸುತ್ತಮುತ್ತ ಡಾಟ್ ಕಾಮ್‌ಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು, ಹಾಗಾಗಿ ಅವನದ್ದೂ ತಪ್ಪು ಎನ್ನಲಾರೆ. ಹಿರಿಯರಿಗೆ ಹೃದಯದ ತೊಂದರೆ ಇತ್ತು. ಬೇಸಿಗೆಯಲ್ಲೇ ಹೋಗಿ ಬನ್ನಿ, ಚಳಿಗಾಲದವರೆಗೆ ಎಳೆಯಬೇಡಿ ಎಂದು ಅವರ ಡಾಕ್ಟರು ಹೇಳಿದ್ದರು. ಮುಂದಕ್ಕೆ ಹಾಕಿ ಎಂದು ನಾನು ಹೇಳಿ, ಅಷ್ಟರಲ್ಲಿ ಏನಾದರೂ ಆದರೆ? ಜೂನ್‌ನಲ್ಲೇ ಹೋಗಿ ಎಂದು ಕಳಿಸಿ, ಅವರು ಹಲ್ಲಿನ ಕ್ಲಿನಿಕ್ಕಿನ ಕಿಟಕಿಯಲ್ಲಿ ನಿಂತು ಎಲೆ ನೋಡಿಕೊಂಡು ಬಂದರೆ? ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಲ್ಲಿ ಇದೇ ಯೋಚನೆಯಲ್ಲಿ ಅನ್ನಕ್ಕೆ ಇಟ್ಟು ಮರೆತು ತಳ ಹಿಡಿಸಿದೆ. ನನ್ನ ಗಂಡನನ್ನು ಕೇಳಿದರೆ, "ಅವರ ಅಮ್ಮ, ಅವರ ಹೃದಯ. ಅವರನ್ನೇ ಕೇಳು" ಎಂದರು.

ಕೇಳಲು ಹೋದೆ. ಹಸಿರು ಫೋಟೋವನ್ನು ಮುಂದಿಟ್ಟೆ. ಹಿರಿಯರ ಹೆಂಡತಿ, "ನವೆಂಬರ್ ಅಂದರೆ ಬಹಳ ದೂರ" ಎಂದಷ್ಟೇ ಹೇಳಿ ಗಂಡನ ಮುಖ ನೋಡಿದರು. ಅವರು ನನ್ನ ಮುಖ ನೋಡಿದರು.

"ಸಲಹೆ ಕೊಡೋರು ನೀವಲ್ಲವಾ? ಕೊಡಿ" ಎಂದರು.

ಅಷ್ಟು ದಿನ ಸಲಹೆ ಬರೆದವಳಿಗೆ ಮೊದಲ ಬಾರಿ ಭಯವಾಯಿತು. "ನವೆಂಬರಿಗೆ ಹೋಗಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು.

ಬಾಸ್ ನನ್ನ ಜೊತೆ ಮಾತು ಬಿಟ್ಟ. ಪುಟ ಮಾತ್ರ ಬೇಸಿಗೆಯಲ್ಲೇ ವೆಬ್‌ಸೈಟಿಗೆ ಏರಿತು, ಮುಖಪುಟದಲ್ಲಿ ಯಾರ ಫೋಟೋವೂ ಇಲ್ಲದೆ. ಸ್ಮಶಾನದ ಸಾಲಿನಲ್ಲಿ ಹೆಂಗಸರನ್ನು ಬೆಂಚಿನಿಂದ ಎಬ್ಬಿಸಿ ಒಳಗೆ ಕಳಿಸಿದೆ, ಕೋಹೆನ್ ವಂಶದವರಿಗೆ ಕೊಂಬೆಗಳ ಬಗ್ಗೆ ಎಚ್ಚರಿಕೆ ಬರೆದೆ. ಸೆಪ್ಟೆಂಬರಿನಲ್ಲಿ ಕಂಪನಿ ಮುಚ್ಚಿತು. ಸರ್ವರ್ ಆರಿಸಿದ ದಿನ ಪ್ಯಾರಿಸ್ಸಿನ ಸಸ್ಯಾಹಾರಿಗಳೂ ಪ್ರಾಗ್‌ನ ಯಹೂದಿಗಳೂ ಒಟ್ಟಿಗೇ ಮಾಯವಾದರು. ನಾನು ಮನೆಯಲ್ಲಿ ಕೂತು ಕೆಲಸ ಹುಡುಕುತ್ತಿದ್ದೆ. ಫೋನ್ ಹೊಡೆದುಕೊಂಡರೆ, ಸರಟೋಗಾದಿಂದ ಕೆಟ್ಟ ಸುದ್ದಿಯೇ ಇರಬೇಕು ಎಂದುಕೊಂಡೇ ಎತ್ತುತ್ತಿದ್ದೆ. ಅಲ್ಲಿಂದ ಫೋನ್ ಬಂದದ್ದು ಡಿಸೆಂಬರಿನಲ್ಲಿ. ಹಿರಿಯರ ಹೆಂಡತಿ, "ಹೋಗಿ ಬಂದ್ವಿ. ನೀವು ಮನೆಗೆ ಬರಬೇಕು" ಎಂದರು.

ಹೋದೆ. ಹಿರಿಯರು ಸ್ವಲ್ಪ ಇಳಿದುಹೋಗಿದ್ದರು. ಕೂರುವ ಮೊದಲೇ, "ಕಲ್ಲು ಕಾಣಿಸ್ತಾ?" ಎಂದು ಕೇಳಿದೆ.

"ಕಾಣಿಸ್ತು. ಮರದಲ್ಲಿ ಒಂದು ಎಲೆ ಇರಲಿಲ್ಲ. ಆ ಡಾಕ್ಟರು ನನ್ನನ್ನು ಹಲ್ಲು ಕೀಳೋ ಕುರ್ಚಿಯಲ್ಲಿ ಕೂರಿಸಿ, ಕಿಟಕಿಗೆ ತಿರುಗಿಸಿ, ಪೆಡಲ್ ಒತ್ತಿ ಒತ್ತಿ ಮೇಲಕ್ಕೆತ್ತಿದರು. ದುರ್ಬೀನು ಹಿಡಿದೆ. ಕಲ್ಲು ಪೂರ್ತಿಯಾಗಿ ಕಾಣಿಸ್ತು. ಆದರೆ ಬೆನ್ನು ಈ ಕಡೆಗಿತ್ತು."

ನನಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅಕ್ಷರಗಳಿದ್ದದ್ದು ಒಳಗಿನ ಮುಖದಲ್ಲಿ. ರಸ್ತೆಯ ಕಡೆಗಿದ್ದದ್ದು ಬರೀ ಕಲ್ಲು, ಅದರ ಮೇಲೆ ಬಳ್ಳಿ. ಎತ್ತರ ಲೆಕ್ಕ ಹಾಕಿದೆವು, ದೂರ ಲೆಕ್ಕ ಹಾಕಿದೆವು, ಎಲೆ ಉದುರುವ ತಿಂಗಳು ಲೆಕ್ಕ ಹಾಕಿದೆವು. ಕಲ್ಲು ಯಾವ ಕಡೆ ಮುಖ ಮಾಡಿದೆ ಎಂದು ನಾನಾಗಲಿ, ಮಂಡ್ಯದವನಾಗಲಿ, ಗೈಡ್ ಆಗಲಿ ಯೋಚಿಸಿಯೇ ಇರಲಿಲ್ಲ. ಅಳು ಬಂತು.

"ಅಳಬೇಡಿ, ಪೂರ್ತಿ ಕೇಳಿ. ಇವಳು ಒಳಗೆ ಹೋಗಿದ್ದಳಲ್ಲ" ಎಂದರು ಹಿರಿಯರು. "ಕಲ್ಲಿನ ಮುಂದೆ ನಿಂತಳು. ಕಲ್ಲಿನ ಬೆನ್ನು ನನ್ನ ಕಡೆಗಿದ್ದದ್ದರಿಂದ ಇವಳ ಮುಖ ನನ್ನ ಕಡೆಗಿತ್ತು. ಮೊದಲು ಕೈಯಿಂದ ಕಲ್ಲು ಒರೆಸಿದಳು. ಆಮೇಲೆ ಓದೋಕೆ ಶುರು ಮಾಡಿದಳು. ಗಟ್ಟಿಯಾಗಿ ಓದಬೇಕು ಅಂತ ಮೊದಲೇ ಮಾತಾಗಿತ್ತು. ನನಗೇನೂ ಕೇಳಿಸಲ್ಲ, ಮಧ್ಯದಲ್ಲಿ ಟ್ರಾಮು ಓಡ್ತಾ ಇದೆ. ತುಟಿ ಮಾತ್ರ ಕಾಣ್ತಿತ್ತು. ಅಮ್ಮನ ಹೆಸರು ಓದಿದಳು, ಗೊತ್ತಾಯ್ತು. ಅಜ್ಜನ ಹೆಸರು ಓದಿದಳು, ಗೊತ್ತಾಯ್ತು. ಆಮೇಲೆ ಬಗ್ಗಿ ಕೆಳಗಿನ ಸಾಲನ್ನು ನೋಡಿ, ತಲೆಯೆತ್ತಿ ಅದನ್ನು ಎರಡು ಸಲ ಓದಿದಳು."

"ಅದೇನು ಅಂತ ನನಗೆ ಅರ್ಥ ಆಗಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಆ ಹೆಸರನ್ನು ನಾನು ಕೇಳೇ ಇರಲಿಲ್ಲ" ಎಂದರು ಅವರ ಹೆಂಡತಿ.

"ಪೆಪಿಯ ತಾಯಿ ಅಂತ ಬರೆಸಿದ್ದರು ಅಪ್ಪ" ಎಂದರು ಹಿರಿಯರು. "ರೈಲು ಹತ್ತಿದ ಮೇಲೆ ನನ್ನನ್ನು ಹಾಗೆ ಕರೆದವರು ಯಾರೂ ಇಲ್ಲ. ನಾನೂ ಯಾರಿಗೂ ಹೇಳಲಿಲ್ಲ. ಆದರೆ ಆ ಹೆಸರು ಹೇಳುವಾಗ ತುಟಿ ಹೇಗೆ ಎರಡು ಸಲ ಮುಚ್ಚಿ ತೆಗೆಯುತ್ತೆ ಅಂತ ನನಗೆ ಗೊತ್ತು. ಅಮ್ಮ ಕಿಟಕಿಯಲ್ಲಿ ನಿಂತು ಬೀದಿಯಲ್ಲಿ ಆಡೋ ನನ್ನನ್ನು ಕರೀತಾ ಇದ್ದದ್ದು ಹಾಗೇ. ಡಾಕ್ಟರು ಪಾಪ ಹೆದರಿ, ನೋವಾಗ್ತಿದೆಯಾ ಅಂತ ಕೇಳಿದರು."

ಅದು ಆಚಾರವೋ, ಹಟವೋ, ಪ್ರೀತಿಯೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಗೇಟು ತೆರೆದೇ ಇತ್ತು. ಹೋಗಿ ಓದಿಕೊಂಡು ಬರಬಹುದಿತ್ತು. ಇವರು ಹೋಗಲಿಲ್ಲ, ಆದರೂ ಓದಿದರು. ನಾನು ಮೂಗು ಒರೆಸಿಕೊಳ್ಳುತ್ತ ಕೂತಿದ್ದಾಗ ಹಿರಿಯರ ಹೆಂಡತಿ ಎದ್ದು ಚಹಾ ಮಾಡಲು ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅವರ ದನಿ ಬಂತು.

"ಪೆಪಿ, ಲೋಟ ತಗೊಂಡು ಹೋಗು ಬಾ."

ಹಿರಿಯರು, "ಬಂದೆ" ಎಂದು ಎದ್ದು ಓಡುವವರ ಹಾಗೆ ಹೋದರು.